ನೆಲ ನಿಜಕ್ಕೂ ಡೊಂಕಾಗಿದ್ದಾಗ

ಆನ್‌ಲೈನ್ ಪದವಿ ಕೋರ್ಸ್ ನಡೆಸುವ ಕಾಲೇಜುಗಳ ಪ್ರಾಂಶುಪಾಲರಿಗೆ, ಪರೀಕ್ಷಾ ವಿಭಾಗದವರಿಗೆ, ಪಾಠ ಮಾಡುವ ಅಧ್ಯಾಪಕರಿಗೆ,

ಮಾನ್ಯರೇ,

ಕೆಲಸ ಮಾಡುತ್ತಲೇ ಆನ್‌ಲೈನಿನಲ್ಲಿ ಪದವಿ ಓದುತ್ತಿರುವ ಅಸಂಖ್ಯ ಜನರಲ್ಲಿ ನಾನೂ ಒಬ್ಬಳು. ಪಾಠದ ಬಗ್ಗೆ ನನ್ನ ತಕರಾರು ಏನೂ ಇಲ್ಲ. ಎಷ್ಟೋ ಪಾಠಗಳು ನಿಜಕ್ಕೂ ಚೆನ್ನಾಗಿವೆ. ತಕರಾರು ಇರುವುದು ನಿಯಮಪತ್ರದ ಕೊನೆಯಲ್ಲಿ, ಸೇರುವಾಗ ಯಾರೂ ಓದದ ಜಾಗದಲ್ಲಿ ಕೂತಿರುವ ಒಂದು ಸಾಲಿನ ಬಗ್ಗೆ: ‘ತಾಂತ್ರಿಕ ತೊಂದರೆಯನ್ನು ವಿಳಂಬಕ್ಕೆ ಕಾರಣವೆಂದು ಪರಿಗಣಿಸಲಾಗುವುದಿಲ್ಲ.’ ಒಂದಲ್ಲ ಒಂದು ರೂಪದಲ್ಲಿ ಈ ಸಾಲು ಬಹಳಷ್ಟು ಕೋರ್ಸುಗಳಲ್ಲಿ ಇದೆ. ಬರೆದವರಿಗೆ ಕೆಟ್ಟ ಉದ್ದೇಶವಿತ್ತು ಎಂದು ನಾನು ಹೇಳುತ್ತಿಲ್ಲ. ಆದರೆ ಅದರ ತಾತ್ಪರ್ಯ ಇಷ್ಟೇ: ಎಲ್ಲಿ ಏನೇ ಕೆಟ್ಟರೂ ಹೊಣೆ ವಿದ್ಯಾರ್ಥಿಯದು.

ನೀವೇ ಈ ಸಾಲನ್ನು ಯಾವಾಗಲೂ ಪಾಲಿಸುವುದಿಲ್ಲ. 2021ರ ಡಿಸೆಂಬರ್ 7ರಂದು ಅಮೆಜಾನಿನ ಕ್ಲೌಡ್ ಸೇವೆ ಹಲವು ಗಂಟೆಗಳ ಕಾಲ ಕೈಕೊಟ್ಟಿತು. ಅದನ್ನೇ ನೆಚ್ಚಿಕೊಂಡಿದ್ದ, ಕಾಲೇಜುಗಳು ಪಾಠ, ಪರೀಕ್ಷೆ ನಡೆಸುವ ಕ್ಯಾನ್ವಾಸ್ ಪೋರ್ಟಲ್ಲೂ ಜೊತೆಗೇ ಮಲಗಿತು. ಅಮೆರಿಕದ ಕಾಲೇಜುಗಳಲ್ಲಿ ಅದು ಸೆಮಿಸ್ಟರ್ ಮುಗಿಯುವ ಹೊತ್ತು. ಕೆಲವು ಕಡೆ ಪರೀಕ್ಷೆಯನ್ನೇ ಮುಂದೂಡಿದರು. ಅದಕ್ಕೂ ಒಂದು ವರ್ಷ ಮೊದಲು, 2020ರ ಡಿಸೆಂಬರ್ 14ರಂದು, ಗೂಗಲ್‌ನ ಲಾಗಿನ್ ವ್ಯವಸ್ಥೆ ಸುಮಾರು ಮುಕ್ಕಾಲು ಗಂಟೆ ಕೆಟ್ಟು, ಜೀಮೇಲ್, ಮೀಟ್, ಕ್ಲಾಸ್‌ರೂಮ್ ಎಲ್ಲವೂ ನಿಂತವು. ಇಂಥ ದಿನಗಳಲ್ಲಿ ಯಾರೂ ವಿದ್ಯಾರ್ಥಿಯನ್ನು ಹಿಡಿದು ‘ಸಾಕ್ಷಿ ಎಲ್ಲಿ?’ ಎಂದು ಕೇಳುವುದಿಲ್ಲ. ಸುದ್ದಿಯಲ್ಲಿ ಬಂದಿರುತ್ತದೆ, ನಿಮ್ಮ ಪರದೆಯಲ್ಲೂ ಅದೇ ಕಾಣುತ್ತಿರುತ್ತದೆ. ಎಲ್ಲರಿಗೂ ಆದರೆ ಅದಕ್ಕೆ ಸೇವಾ ವ್ಯತ್ಯಯ ಎಂಬ ಗೌರವದ ಹೆಸರು. ಒಬ್ಬಳಿಗೆ ಮಾತ್ರ ಆದರೆ ನೆಪ. ನನ್ನ ಪತ್ರವೆಲ್ಲ ಆ ಒಬ್ಬಳ ಪರವಾಗಿ.

‘ಕುಣಿಯಲಾರದವಳಿಗೆ ನೆಲ ಡೊಂಕು’ ಎನ್ನುತ್ತಾರಲ್ಲ, ಆ ಗಾದೆಯೇ ನಿಮ್ಮ ನಿಯಮದ ಬೆನ್ನಿಗಿದೆ. ಗಾದೆ ಸುಮ್ಮನೆ ಹುಟ್ಟಿದ್ದಲ್ಲ, ಒಪ್ಪುತ್ತೇನೆ. ಆದರೆ ಇಲ್ಲಿ ನೆಲ ಹಾಸಿದವರು ನೀವು. ಅದು ಸಮವಾಗಿದೆಯೇ ಎಂದು ನೋಡುವ ರಸಮಟ್ಟವೂ ಇರುವುದು ನಿಮ್ಮ ಕೈಯಲ್ಲೇ. ಕುಣಿಯುವವಳ ಕೈಯಲ್ಲಿ ಅದಿಲ್ಲ.

ರಸಮಟ್ಟ ಎಂದೆನಲ್ಲ, ಅದು ಸರ್ವರಿನ ಲಾಗ್. ವಿದ್ಯಾರ್ಥಿ ಯಾವಾಗ ಲಾಗಿನ್ ಆದಳು, ಯಾವ ಪುಟ ತೆರೆದಳು, ಯಾವ ಪ್ರಶ್ನೆಗೆ ಎಷ್ಟು ಹೊತ್ತಿಗೆ ಉತ್ತರ ಉಳಿಯಿತು, ಇವೆಲ್ಲ ಪೋರ್ಟಲಿನಲ್ಲಿ ಗಂಟೆ ನಿಮಿಷದ ಸಮೇತ ದಾಖಲಾಗುತ್ತವೆ. 2002ರಿಂದ ಬಳಕೆಯಲ್ಲಿರುವ, ಯಾರು ಬೇಕಾದರೂ ಉಚಿತವಾಗಿ ಹಾಕಿಕೊಳ್ಳಬಹುದಾದ ಮೂಡಲ್ ಎಂಬ ಆನ್‌ಲೈನ್ ಪಾಠದ ಸಾಫ್ಟ್‌ವೇರನ್ನೇ ತೆಗೆದುಕೊಳ್ಳಿ. ಅದರಲ್ಲಿ ಕ್ವಿಜ್ ಬರೆಯುತ್ತಿರುವಾಗ, ಯಾರೂ ಸೆಟ್ಟಿಂಗ್ ಮುಟ್ಟದಿದ್ದರೆ, ಬದಲಾದ ಉತ್ತರಗಳು ನಿಮಿಷಕ್ಕೊಮ್ಮೆ ತಾವಾಗಿಯೇ ಸೇವ್ ಆಗುತ್ತವೆ. ಹಾಗಾಗಿ ಒಬ್ಬ ವಿದ್ಯಾರ್ಥಿಯ ನೆಟ್ ಪರೀಕ್ಷೆಯ ನಡುವೆ ಸತ್ತುಹೋದರೆ ಅದರ ಗುರುತು ಅಲ್ಲಿ ಇರುತ್ತದೆ. ನಿಮಿಷ ನಿಮಿಷಕ್ಕೂ ಉತ್ತರ ಬರುತ್ತಿತ್ತು, ಆಮೇಲೆ ಒಮ್ಮೆಲೇ ಏನೂ ಇಲ್ಲ. ಪರೀಕ್ಷೆಯನ್ನು ಮರೆತು ಮಲಗಿದವನ ದಾಖಲೆ ಹೀಗಿರುವುದಿಲ್ಲ. ಕೊನೆಯ ಐದು ನಿಮಿಷದಲ್ಲಿ ಬಂದು ‘ಸೈಟ್ ತೆರೆಯಲೇ ಇಲ್ಲ’ ಎನ್ನುವವನದೂ ಹೀಗಿರುವುದಿಲ್ಲ. ಬೇಕೆಂದೇ ವೈರ್ ಕಿತ್ತವನ ದಾಖಲೆ ಮಾತ್ರ ಇದೇ ಥರ ಕಾಣಬಹುದು, ನಿಜ. ಆದರೆ ತುಂಬಿಸಿದ ಉತ್ತರಗಳೆಲ್ಲ ಕಣ್ಣ ಮುಂದೆ ಇರುವಾಗ ಅದನ್ನೂ ಒಬ್ಬ ಅಧ್ಯಾಪಕ ಅಂದಾಜು ಮಾಡಬಲ್ಲ.

ಈಗ ವಿದ್ಯಾರ್ಥಿಯ ಕೈಯಲ್ಲಿ ಏನಿದೆ ನೋಡಿ. ಒಂದು ಸ್ಕ್ರೀನ್‌ಶಾಟ್, ಅದೂ ತೆಗೆಯಲು ನೆನಪಾದರೆ. ಗಡಿಯಾರ ಇಳಿಯುತ್ತಿರುವಾಗ, ಎದೆ ಹೊಡೆದುಕೊಳ್ಳುತ್ತಿರುವಾಗ, ಪುಟ ತಿರುಗುತ್ತಲೇ ಇರುವಾಗ, ಮೊದಲು ಫೋಟೋ ತೆಗೆದು ಆಮೇಲೆ ಗಾಬರಿಯಾಗು ಎನ್ನುವ ತಾಳ್ಮೆ ಎಷ್ಟು ಜನರಿಗಿದೆ? ತೆಗೆದರೂ ‘ಇದನ್ನು ಎಡಿಟ್ ಮಾಡಿರಬಹುದು’ ಎಂಬ ಉತ್ತರ ಬರುತ್ತದೆ. ನನ್ನ ಸಹಪಾಠಿಯೊಬ್ಬನಿಗೆ ಕ್ವಿಜ್ ಅರ್ಧದಲ್ಲೇ ನಿಂತಿತು. ಅವನು ಫೋನಿನಿಂದ ಪರದೆಯ ಫೋಟೋ ತೆಗೆದು ಆ ಕ್ಷಣದಲ್ಲೇ ಹೆಲ್ಪ್‌ಡೆಸ್ಕಿಗೆ ದೂರು ಕಳಿಸಿದ; ಇಂಥ ದೂರಿಗೆ ಅಲ್ಲಿ ಟಿಕೆಟ್ ಎನ್ನುತ್ತಾರೆ. ಕೆಲವು ದಿನಗಳ ಮೇಲೆ ಬಂದ ಉತ್ತರದಲ್ಲಿ ಇದ್ದದ್ದು, ‘ಪೋರ್ಟಲ್ ಈಗ ಸರಿಯಾಗಿ ಕೆಲಸ ಮಾಡುತ್ತಿದೆ. ನಿಮ್ಮ ಟಿಕೆಟ್ ಮುಚ್ಚಲಾಗಿದೆ.’ ಈಗ ಕೆಲಸ ಮಾಡುತ್ತಿದೆಯೇ ಎಂದು ಅವನು ಕೇಳಿರಲಿಲ್ಲ. ಅಂದು ಏನಾಗಿತ್ತು ಎಂದು ನೋಡಿ ಎಂದಿದ್ದ. ಲಾಗ್ ತೆರೆದು ನೋಡುವ ಅಧಿಕಾರ ಇದ್ದವರು ಟಿಕೆಟ್ ಓದಲಿಲ್ಲ, ಟಿಕೆಟ್ ಓದಿದವರಿಗೆ ಲಾಗ್ ನೋಡುವ ಅಧಿಕಾರ ಇರಲಿಲ್ಲ.

ಸುಳ್ಳು ಹೇಳುವವರು ಇದ್ದಾರೆ, ಅದನ್ನು ಮುಚ್ಚಿಡುವುದಿಲ್ಲ. ಬೇಕೆಂದೇ ಕೆಡಿಸಿದ ಫೈಲ್ ಅಪ್‌ಲೋಡ್ ಮಾಡಿ, ‘ಅಯ್ಯೋ, ತೆರೆಯುತ್ತಿಲ್ಲವೇ ಸರ್, ಮತ್ತೊಮ್ಮೆ ಕಳಿಸುತ್ತೇನೆ’ ಎಂದು ಎರಡು ದಿನ ಗಿಟ್ಟಿಸುವ ಉಪಾಯ ನಿಮಗೂ ಗೊತ್ತು, ನಮಗೂ ಗೊತ್ತು. ಹಾಗೆ ಕೆಡಿಸಿಕೊಡುವ ವೆಬ್‌ಸೈಟುಗಳೇ ಇವೆ. ಆದರೆ ಇದಕ್ಕೆ ಮದ್ದು ಎಲ್ಲರನ್ನೂ ಒಟ್ಟಿಗೆ ನಂಬದಿರುವುದೇ? ಫೈಲ್ ಬಂದ ತಕ್ಷಣ ಅದು ತೆರೆಯುತ್ತದೆಯೇ ಎಂದು ಪೋರ್ಟಲೇ ನೋಡಿ, ತೆರೆಯದಿದ್ದರೆ ಆಗಲೇ ತಿಳಿಸಲಿ. ಕಳ್ಳನಿಗೆ ದಾರಿ ಮುಚ್ಚುತ್ತದೆ. ನಿಜವಾಗಿ ಫೈಲ್ ಹಾಳಾದವಳಿಗೆ ಗಡುವಿನೊಳಗೇ ವಿಷಯ ಗೊತ್ತಾಗುತ್ತದೆ. ಇವತ್ತಿನ ನಿಯಮದಿಂದ ಸುಳ್ಳುಗಾರನಿಗೆ ತನ್ನದಲ್ಲದ ಎರಡು ದಿನ ಸಿಗುವುದಿಲ್ಲ, ಅಷ್ಟೇ. ಕೆಲಸ ಮುಗಿಸಿ ಕೂತವಳು ತನ್ನ ಅಂಕವನ್ನೇ ಕಳೆದುಕೊಳ್ಳುತ್ತಾಳೆ.

ಫೈಲಿನ ಮಾತು ಬಂತು. 2020ರ ಮೇ ತಿಂಗಳಿನಲ್ಲಿ ಅಮೆರಿಕದ ಕಾಲೇಜ್ ಬೋರ್ಡ್ ಎಂಬ ಪರೀಕ್ಷಾ ಸಂಸ್ಥೆ, ಹೈಸ್ಕೂಲ್ ಮಕ್ಕಳು ಕಾಲೇಜು ಮಟ್ಟದ ವಿಷಯಗಳಲ್ಲಿ ಬರೆಯುವ ತನ್ನ ಎಪಿ ಪರೀಕ್ಷೆಗಳನ್ನು ಮೊದಲ ಬಾರಿಗೆ ಮನೆಯಿಂದಲೇ ಬರೆಸಿತು. ಉತ್ತರವನ್ನು ಕೈಯಲ್ಲಿ ಬರೆದು, ಫೋನಿನಲ್ಲಿ ಫೋಟೋ ತೆಗೆದು, ಕೊನೆಯ ಕೆಲವೇ ನಿಮಿಷಗಳಲ್ಲಿ ಅಪ್‌ಲೋಡ್ ಮಾಡಬಹುದಿತ್ತು. 2017ರಿಂದ ಐಫೋನುಗಳು ಫೋಟೋವನ್ನು ಎಚ್‌ಇಐಸಿ ಎಂಬ ರೂಪದಲ್ಲಿ ಉಳಿಸುತ್ತವೆ; ಪೋರ್ಟಲ್ ಬಯಸಿದ್ದು ಜೆಪಿಜಿ, ಪಿಎನ್‌ಜಿ ರೂಪ. ಫೋನ್ ಇಟ್ಟುಕೊಂಡವರಲ್ಲಿ ಎಷ್ಟು ಮಂದಿಗೆ ತಮ್ಮ ಫೋಟೋ ಫೈಲಿನ ಹೆಸರಿನ ಬಾಲದಲ್ಲಿ ಯಾವ ಅಕ್ಷರಗಳಿವೆ ಎಂದು ಗೊತ್ತಿರುತ್ತದೆ? ಪೂರ್ತಿ ಉತ್ತರ ಬರೆದಿದ್ದ ಮಕ್ಕಳು ಅಪ್‌ಲೋಡ್ ಆಗದೆ ಪರದೆ ನೋಡುತ್ತಾ ಕೂತರು. ತೊಂದರೆಯಾದವರು ಶೇಕಡಾ 1ಕ್ಕಿಂತ ಕಡಿಮೆ ಎಂದು ಸಂಸ್ಥೆ ಹೇಳಿತು. ಒಂದು ಲಕ್ಷ ಉತ್ತರಪತ್ರಿಕೆಗೆ ಶೇಕಡಾ 1 ಎಂದರೆ ಒಂದು ಸಾವಿರ. ಮೊದಲ ವಾರದ ಗಲಾಟೆಯ ನಂತರ, ಮೇ 18ರಿಂದ, ಅಪ್‌ಲೋಡ್ ಆಗದವರು ಕೂಡಲೇ ಉತ್ತರವನ್ನು ಇಮೇಲ್ ಮಾಡಬಹುದು ಎಂದರು. ಮೊದಲ ವಾರ ಸಿಕ್ಕಿಕೊಂಡವರಿಗೆ ಆ ದಾರಿ ಇರಲಿಲ್ಲ; ಅವರ ಪಾಲಿಗೆ ಉಳಿದದ್ದು ಜೂನ್‌ನಲ್ಲಿ ಮತ್ತೆ ಬರೆಯುವುದು. ಯಾವ ಫೋಟೋ ನಡೆಯುತ್ತದೆ ಎಂದು ಸಂಸ್ಥೆ ಮೊದಲೇ ತಿಳಿಸಿರಲಿಲ್ಲವೇ ಎಂದರೆ, ತಿಳಿಸಿತ್ತು. ಆದರೆ ತಿಳಿಸಿದ್ದು ಎಲ್ಲರಿಗೂ ತಲುಪಿರಲಿಲ್ಲ.

ಈ ಕಥೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಆ ಇಮೇಲ್ ದಾರಿ. ಅದನ್ನು ತೆರೆಯಲು ಹೊಸ ತಂತ್ರಜ್ಞಾನ ಬೇಕಿರಲಿಲ್ಲ, ಒಂದು ವಿಳಾಸ ಸಾಕಾಯಿತು. ನಿಮ್ಮ ಕೋರ್ಸಿನಲ್ಲೂ ಅದು ಸಾಕು. ಪೋರ್ಟಲ್ ಒಪ್ಪದಿದ್ದರೆ, ಗಡುವಿನೊಳಗೆ ಈ ವಿಳಾಸಕ್ಕೆ ಫೈಲ್ ಬಂದಿದ್ದರೆ ಅದನ್ನು ಸಕಾಲದಲ್ಲಿ ಸಲ್ಲಿಸಿದ್ದೆಂದೇ ಎಣಿಸುತ್ತೇವೆ ಎಂದು ಮೊದಲ ವಾರದಲ್ಲೇ ಬರೆದುಕೊಡಿ. ಅಂಕ ಇಲ್ಲದ ಒಂದು ಅಣಕು ಸಲ್ಲಿಕೆಯನ್ನೂ ಅದೇ ವಾರ ಇಡಿ. ಯಾರ ಫೋನು ಯಾವ ರೂಪದ ಫೋಟೋ ಕೊಡುತ್ತದೆ, ಯಾರ ಬ್ರೌಸರಿನಲ್ಲಿ ಬಟನ್ನೇ ಕಾಣುವುದಿಲ್ಲ ಎಂಬುದು ಸೋಲಲು ಏನೂ ಇಲ್ಲದ ದಿನವೇ ಹೊರಗೆ ಬರಲಿ.

ಇನ್ನು ನಡುರಾತ್ರಿಯ ಗಡುವು. ರಾತ್ರಿ 11:59 ಎಂದು ಯಾರು ಮೊದಲು ಇಟ್ಟರೋ, ಎಲ್ಲರೂ ಅದನ್ನೇ ಹಿಡಿದುಕೊಂಡಿದ್ದಾರೆ. ಇಡೀ ತರಗತಿ ಕೊನೆಯ ಗಂಟೆಯಲ್ಲಿ ಒಟ್ಟಿಗೆ ಪೋರ್ಟಲಿಗೆ ನುಗ್ಗುತ್ತದೆ. ಅದೇ ಹೊತ್ತಿಗೆ ಹೆಲ್ಪ್‌ಡೆಸ್ಕ್ ಬಾಗಿಲು ಹಾಕಿಕೊಂಡು ಎಷ್ಟೋ ಗಂಟೆಯಾಗಿರುತ್ತದೆ. ಸರ್ವರಿಗೆ ಹೊರೆ ಜಾಸ್ತಿ ಇರುವ ಹೊತ್ತು, ಸಹಾಯ ಸೊನ್ನೆ ಇರುವ ಹೊತ್ತು, ಎರಡನ್ನೂ ಹುಡುಕಿ ಜೋಡಿಸಿದ ಹಾಗಿದೆ. ನಮ್ಮಂಥ ಕೆಲಸಕ್ಕೆ ಹೋಗುವವರಿಗೆ ರಾತ್ರಿಯೇ ಅನುಕೂಲ ಎಂದು ನೀವು ಹೇಳಬಹುದು. ರಾತ್ರಿ ಬರೆಯುವುದು ಅನುಕೂಲ, ಹೌದು. ಆದರೆ ಗಡುವು ಮರುದಿನ ಮಧ್ಯಾಹ್ನ ಇದ್ದರೆ, ರಾತ್ರಿ ಕೆಟ್ಟದ್ದನ್ನು ಬೆಳಿಗ್ಗೆ ಫೋನ್ ಮಾಡಿ ಸರಿಪಡಿಸಿಕೊಳ್ಳಬಹುದು. ಹಾಗೆಯೇ ‘12 ಗಂಟೆ’ ಎಂದು ಬರೆದರೆ ಅದು ಯಾವ ದಿನದ 12 ಎಂದು ಜಗಳ ಬರುತ್ತದೆ. ಬೇರೆ ದೇಶದಲ್ಲಿ ಕೂತು ಓದುವವರಿಗೆ ಅದು ಯಾರ ಗಡಿಯಾರದ 12 ಎಂಬ ಪ್ರಶ್ನೆಯೂ ಸೇರುತ್ತದೆ. ದಿನ, ಹೊತ್ತು, ಯಾವ ಸಮಯವಲಯ, ಮೂರನ್ನೂ ಬರೆಯಿರಿ.

ಇದೆಲ್ಲಕ್ಕೆ ಹೊಸ ಸಾಫ್ಟ್‌ವೇರ್ ಕೊಳ್ಳಬೇಕು ಎಂದುಕೊಳ್ಳಬೇಡಿ. ಮೂಡಲ್‌ನ ಅಸೈನ್‌ಮೆಂಟಿಗೆ ಎರಡು ಬೇರೆ ಬೇರೆ ದಿನಾಂಕ ಇಡಬಹುದು: ಸಲ್ಲಿಸಬೇಕಾದ ದಿನ ಒಂದು, ಬಾಗಿಲು ಮುಚ್ಚುವ ದಿನ ಇನ್ನೊಂದು. ನಡುವೆ ಬಂದದ್ದನ್ನು ಅದು ತಡ ಎಂದು ಗುರುತು ಹಾಕಿ ಇಟ್ಟುಕೊಳ್ಳುತ್ತದೆ, ಎಸೆಯುವುದಿಲ್ಲ. ಒಬ್ಬ ವಿದ್ಯಾರ್ಥಿಗೆ ಮಾತ್ರ ಸಮಯ ಹೆಚ್ಚಿಸುವ, ಇನ್ನೊಂದು ಸಲ ಕ್ವಿಜ್ ಬರೆಯಲು ಬಿಡುವ ಸೌಲಭ್ಯವೂ ಅದರಲ್ಲೇ ಇದೆ. ಹೀಗಿರುವಾಗ ‘ಸಿಸ್ಟಮ್ ಒಪ್ಪುವುದಿಲ್ಲ’ ಎಂದು ನಮಗೆ ಹೇಳುವುದನ್ನು ದಯವಿಟ್ಟು ನಿಲ್ಲಿಸಿ. ಸಿಸ್ಟಮ್ ಒಪ್ಪುತ್ತದೆ, ಒಪ್ಪದವರು ಬೇರೆ.

ಹೆಲ್ಪ್‌ಡೆಸ್ಕಿನವರ ಬಗ್ಗೆಯೂ ಒಂದು ಮಾತು. ಅವರ ಮೇಲೆ ನನಗೆ ಕೋಪವಿಲ್ಲ. ಕೈಗೆ ಒಂದು ಉತ್ತರಪಟ್ಟಿ ಕೊಟ್ಟು ಕೂರಿಸಿದ್ದೀರಿ, ಪಾಪ ಅವರು ಅದನ್ನೇ ಓದುತ್ತಾರೆ. ಪಟ್ಟಿಯ ಮೊದಲ ಸಾಲು ಎಲ್ಲ ರೋಗಕ್ಕೂ ಒಂದೇ ಗುಳಿಗೆ: ‘ಬ್ರೌಸರಿನ ಕ್ಯಾಶೆ ಕ್ಲಿಯರ್ ಮಾಡಿ.’ ಅಂದರೆ ಬ್ರೌಸರ್ ಉಳಿಸಿಟ್ಟುಕೊಂಡ ಹಳೆಯ ಪುಟಗಳ ಪ್ರತಿಗಳನ್ನು ಅಳಿಸಿ. ಕೆಲವು ಸಲ ಅದು ಕೆಲಸ ಮಾಡುತ್ತದೆ, ಹಳೆಯ ಪುಟ ಅಂಟಿಕೊಂಡಿದ್ದರೆ. ಆದರೆ ಕೋರ್ಸಿನ ಪುಟದೊಳಗೆ ಇನ್ನೊಂದು ಕಂಪನಿಯ ಪುಸ್ತಕವನ್ನೋ ಕ್ವಿಜ್ ಉಪಕರಣವನ್ನೋ ಕೂರಿಸಿರುತ್ತೀರಲ್ಲ, ಅಲ್ಲಿ ಲಾಗಿನ್ ಆದರೂ ಮತ್ತೆ ಮತ್ತೆ ಲಾಗಿನ್ ಪುಟವೇ ಬರುವ ಚಕ್ರ ಶುರುವಾದರೆ, ಕಾರಣ ಬಹುತೇಕ ಬೇರೆ. ಒಂದು ಸೈಟಿನೊಳಗೆ ಕೂತ ಇನ್ನೊಂದು ಸೈಟಿನ ಕುಕಿಗಳನ್ನು (ಲಾಗಿನ್ ಆದವರನ್ನು ನೆನಪಿಡಲು ಸೈಟು ಬ್ರೌಸರಿನಲ್ಲಿ ಇಡುವ ಸಣ್ಣ ಗುರುತುಗಳನ್ನು) ಬ್ರೌಸರ್ ತಡೆಯುತ್ತಿರುತ್ತದೆ. ಆಪಲ್‌ನ ಬ್ರೌಸರ್ ಸಫಾರಿ 2020ರಿಂದ ಇಂಥ ಕುಕಿಗಳನ್ನು ತಾನಾಗಿಯೇ ತಡೆಯುತ್ತದೆ. ದಿನವಿಡೀ ಕ್ಯಾಶೆ ಒರೆಸಿದರೂ ಇದು ಹೋಗುವುದಿಲ್ಲ. ಆ ಉಪಕರಣವನ್ನು ಪ್ರತ್ಯೇಕ ಟ್ಯಾಬಿನಲ್ಲಿ ತೆರೆದರೆ ಹೆಚ್ಚಿನ ಸಲ ಸರಿಹೋಗುತ್ತದೆ. ಹಾಗೆ ತೆರೆಯುವಂತೆ ಕೋರ್ಸಿನಲ್ಲೇ ಹೊಂದಿಸುವುದು ನಿಮ್ಮ ಕೆಲಸ, ಅದೂ ಒಂದೇ ಸಲದ ಕೆಲಸ.

ನೇರ ತರಗತಿಯ ವಿಷಯದಲ್ಲಿ ಲೆಕ್ಕವೇ ಮಾತಾಡಲಿ. ಸೆಕೆಂಡಿಗೆ 1 ಮೆಗಾಬಿಟ್ ವೇಗದಲ್ಲಿ ವಿಡಿಯೊ ಹರಿದರೆ ಗಂಟೆಗೆ 450 ಮೆಗಾಬೈಟ್ ಖರ್ಚು. ಬರೀ ಧ್ವನಿ 64 ಕಿಲೋಬಿಟ್‌ನಲ್ಲಿ ಹರಿದರೆ ಗಂಟೆಗೆ 29 ಮೆಗಾಬೈಟ್ ಕೂಡ ಆಗದು. ಹದಿನೈದು ಪಟ್ಟಿಗಿಂತ ಹೆಚ್ಚಿನ ಅಂತರ. ಜೊತೆಗೆ, ಅನೇಕ ಮನೆಗಳ ಸಂಪರ್ಕದಲ್ಲಿ ಕೆಳಗಿಳಿಯುವ ವೇಗಕ್ಕಿಂತ ಮೇಲೆ ಕಳಿಸುವ ವೇಗ ಬಹಳ ಕಡಿಮೆ. ಅಂದರೆ ಪಾಠ ಕೇಳಲು ಸಾಕಾಗುವ ನೆಟ್, ನನ್ನ ಮುಖ ತೋರಿಸಲು ಸಾಕಾಗದೇ ಇರಬಹುದು. ಕ್ಯಾಮೆರಾ ಆನ್ ಇಲ್ಲದಿದ್ದರೆ ಹಾಜರಿ ಇಲ್ಲ ಎಂಬ ನಿಯಮ ಇಟ್ಟಾಗ ನೀವು ಗಮನವನ್ನು ಅಳೆಯುತ್ತಿಲ್ಲ, ಸಂಪರ್ಕವನ್ನು ಅಳೆಯುತ್ತಿದ್ದೀರಿ. ತರಗತಿಯ ಕೊನೆಗೆ ಎರಡು ಪ್ರಶ್ನೆ ಕೇಳಿ, ಯಾರು ಕೇಳಿಸಿಕೊಂಡರು ಎಂದು ತಿಳಿಯುತ್ತದೆ. ಸ್ಲೈಡುಗಳನ್ನು ಮೊದಲೇ ಹಾಕಿ. ರೆಕಾರ್ಡಿಂಗನ್ನು ಕಡಿಮೆ ಗುಣಮಟ್ಟದಲ್ಲೂ ಇಳಿಸಿಕೊಳ್ಳಲು ಬಿಡಿ.

ಇನ್ನೊಂದು ಸಣ್ಣದು, ಆದರೆ ಹೊಟ್ಟೆ ಉರಿಸುವುದು. ಚರ್ಚಾ ಪುಟದಲ್ಲಿ ಕೂತು ಒಂದು ಗಂಟೆ ಯೋಚಿಸಿ ಬರೆದು, ಕಳಿಸುವ ಬಟನ್ ಒತ್ತಿದರೆ ‘ನಿಮ್ಮ ಸೆಷನ್ ಮುಗಿದಿದೆ, ಮತ್ತೆ ಲಾಗಿನ್ ಆಗಿ’ ಎಂದು ಬಂದು ಬರೆದದ್ದೆಲ್ಲ ಮಾಯ. ವೆಬ್ ಪುಟಗಳು ಎಲ್ಲರಿಗೂ ಬಳಸಲು ಆಗುವಂತಿರಬೇಕು ಎಂದು ರೂಪಿಸಿದ ಡಬ್ಲ್ಯುಸಿಎಜಿ ಮಾರ್ಗಸೂಚಿಯಲ್ಲಿ 2008ರಿಂದಲೇ ಇದರ ಬಗ್ಗೆ ಒಂದು ಅಂಶವಿದೆ: ಸೆಷನ್ ಮುಗಿದವರು ಮತ್ತೆ ಲಾಗಿನ್ ಆದಾಗ, ಬರೆದದ್ದು ಕಳೆಯದೆ ಮುಂದುವರಿಯುವಂತಿರಬೇಕು. ಅದು ಅತ್ಯುನ್ನತ ದರ್ಜೆಯ ಅಪೇಕ್ಷೆ, ಕಡ್ಡಾಯವೆಂದು ಯಾರೂ ನಿಮ್ಮ ಮೇಲೆ ಹೇರುವುದಿಲ್ಲ. ನಿಧಾನವಾಗಿ ಟೈಪ್ ಮಾಡುವವರು, ಕಣ್ಣು ಕಾಣದೆ ಸ್ಕ್ರೀನ್ ರೀಡರ್ ಬಳಸುವವರು ಇದರಿಂದ ಎಲ್ಲರಿಗಿಂತ ಹೆಚ್ಚು ನೋಯುತ್ತಾರೆ ಎಂಬುದನ್ನಾದರೂ ಗಮನಿಸಿ.

ನನ್ನ ಸಹಪಾಠಿಗಳೂ ಇದನ್ನು ಓದುತ್ತಿರಬಹುದು, ಅವರಿಗೂ ಸ್ವಲ್ಪ. ಪೋರ್ಟಲಿನ ಪೆಟ್ಟಿಗೆಯಲ್ಲಿ ನೇರವಾಗಿ ಬರೆಯಬೇಡಿ, ಬೇರೆ ಕಡೆ ಬರೆದು ಅಂಟಿಸಿ. ಅಪ್‌ಲೋಡ್ ಆದ ಮೇಲೆ ಅದೇ ಫೈಲನ್ನು ಪೋರ್ಟಲಿನಿಂದ ಇಳಿಸಿ, ತೆರೆದು ನೋಡಿ. ಸಲ್ಲಿಕೆಯ ರಸೀದಿ ಇಮೇಲ್ ಅಳಿಸಬೇಡಿ. ಎರಡು ಹಂತದ ಲಾಗಿನ್ ಇದ್ದರೆ ಬ್ಯಾಕಪ್ ಕೋಡುಗಳನ್ನು ಕಾಗದದ ಮೇಲೆ ಬರೆದಿಡಿ, ಫೋನ್ ಕೆಟ್ಟ ದಿನ ಅದೇ ಗತಿ. ಫೋಟೋದ ಹೆಸರಿನ ಬಾಲ ಬದಲಿಸಿದರೆ ಫೋಟೋದ ರೂಪ ಬದಲಾಗುವುದಿಲ್ಲ, ಸರಿಯಾಗಿ ಪರಿವರ್ತಿಸಿಯೇ ಕಳಿಸಿ. ತೊಂದರೆ ಬಂದಾಗ ‘ಸೈಟ್ ಓಪನ್ ಆಗ್ತಿಲ್ಲ’ ಎಂದಷ್ಟೇ ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಪರದೆಯ ಮೇಲಿನ ಅಂಕಿಯನ್ನು ಬರೆಯಿರಿ. 500, 502, 503, 504, ಹೀಗೆ 5ರಿಂದ ಶುರುವಾದರೆ ಕೆಟ್ಟಿರುವುದು ಸರ್ವರಿನ ಕಡೆ. 4ರಿಂದ ಶುರುವಾದರೆ ನಾವು ಕಳಿಸಿದ ಕೋರಿಕೆಯಲ್ಲಿ ಏನೋ ಅದಕ್ಕೆ ಒಪ್ಪಿಗೆಯಾಗಿಲ್ಲ ಎಂದರ್ಥ: 404 ಬಂದರೆ ಆ ಪುಟ ಅಲ್ಲಿಲ್ಲ, 413 ಬಂದರೆ ಫೈಲ್ ಮಿತಿಗಿಂತ ದೊಡ್ಡದು. (ಆ ಮಿತಿಯನ್ನು ಇಟ್ಟವರು ಯಾರು ಎಂಬುದು ಬೇರೆ ಮಾತು.) ಅಂಕಿ, ಹೊತ್ತು, ಬ್ರೌಸರಿನ ಹೆಸರು, ಏನು ಮಾಡುವಾಗ ಆಯಿತು, ಈ ನಾಲ್ಕನ್ನು ಆ ಕ್ಷಣದಲ್ಲೇ ಅಧ್ಯಾಪಕರಿಗೂ ಹೆಲ್ಪ್‌ಡೆಸ್ಕಿಗೂ ಕಳಿಸಿ. ಮರುದಿನ ಕಳಿಸಿದ್ದಕ್ಕೆ ಬೆಲೆ ಕಡಿಮೆ, ಅದರಲ್ಲಿ ಕಾಲೇಜಿನ ತಪ್ಪೇನೂ ಇಲ್ಲ.

ಮತ್ತೆ ನಿಮ್ಮ ಕಡೆಗೆ. ನಾನು ಕೇಳುತ್ತಿರುವುದು ಕರುಣೆಯನ್ನಲ್ಲ. ‘ಮಾನವೀಯ ನೆಲೆಯಲ್ಲಿ ಒಂದು ಅವಕಾಶ’ ಎಂದು ಕೆಲವು ಅಧ್ಯಾಪಕರು ಗುಟ್ಟಾಗಿ ಗಡುವು ಹೆಚ್ಚಿಸುತ್ತಾರೆ. ಒಳ್ಳೆಯವರು, ಆದರೆ ಅದರಿಂದ ಧೈರ್ಯವಾಗಿ ಕೇಳಿದವರಿಗೆ ಸಿಗುತ್ತದೆ, ಸಂಕೋಚದವರಿಗೆ ಇಲ್ಲ. ನಿಯಮವೇ ಬದಲಾಗಬೇಕು. ನನ್ನ ಕರಡು ಇದು, ತಿದ್ದಿಕೊಳ್ಳಿ: ‘ತಾಂತ್ರಿಕ ತೊಂದರೆಯಾದ ವಿದ್ಯಾರ್ಥಿ ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ ತಿಳಿಸಬೇಕು. ಕಾಲೇಜು ಆ ಹೊತ್ತಿನ ಲಾಗ್ ಪರಿಶೀಲಿಸಿ, ಕಂಡದ್ದನ್ನು ಲಿಖಿತವಾಗಿ ವಿದ್ಯಾರ್ಥಿಗೆ ತಿಳಿಸಬೇಕು. ವಿದ್ಯಾರ್ಥಿ ಕೆಲಸದಲ್ಲಿ ತೊಡಗಿದ್ದು ಲಾಗ್‌ನಲ್ಲಿ ಕಂಡರೆ, ಕಳೆದುಹೋದಷ್ಟು ಸಮಯವನ್ನು ಹಿಂದಿರುಗಿಸಬೇಕು.’ ಕಳೆದುಹೋದಷ್ಟು ಮಾತ್ರ. ಇಪ್ಪತ್ತು ನಿಮಿಷ ಹೋಗಿದ್ದರೆ ಇಪ್ಪತ್ತು ನಿಮಿಷ.

ಇದಕ್ಕೆ ಒಬ್ಬರು ಬೇಕು. ಟಿಕೆಟ್ ಓದುವ, ಲಾಗ್ ತೆರೆಯುವ, ಗಡುವು ಬದಲಿಸುವ ಮೂರೂ ಅಧಿಕಾರ ಇರುವ ಒಬ್ಬರನ್ನು ಪ್ರತಿ ಕೋರ್ಸಿಗೂ ನೇಮಿಸಿ, ಅವರ ಹೆಸರು ಕೋರ್ಸಿನ ಮೊದಲ ಪುಟದಲ್ಲಿರಲಿ.

ಕೊನೆಯದಾಗಿ, ಇದು ಅವಸರದ್ದು. ಲಾಗುಗಳು ಶಾಶ್ವತವಾಗಿ ಇರುವುದಿಲ್ಲ. ಎಷ್ಟು ದಿನ ಇಟ್ಟು ಅಳಿಸಬೇಕು ಎಂಬುದು ನಿಮ್ಮ ಐಟಿ ವಿಭಾಗದವರು ಹಾಕಿರುವ ಸೆಟ್ಟಿಂಗ್. ಫಲಿತಾಂಶ ಬಂದು, ಮರುಪರಿಶೀಲನೆಯ ಅವಧಿ ಮುಗಿಯುವವರೆಗೆ ಈ ಸೆಮಿಸ್ಟರಿನ ಲಾಗುಗಳನ್ನು ಅಳಿಸಬೇಡಿ ಎಂದು ಈ ವಾರವೇ ಅವರಿಗೆ ಬರೆಯಿರಿ. ತಾಂತ್ರಿಕ ಕಾರಣ ಹೇಳಿ ಸೊನ್ನೆ ಪಡೆದವರ, ನೋಡದೆ ಮುಚ್ಚಿದ ಟಿಕೆಟುಗಳ ಪಟ್ಟಿ ನಿಮ್ಮಲ್ಲೇ ಇದೆ. ಮೊದಲು ಅವುಗಳಿಂದ ಶುರು ಮಾಡಿ.

ಇಂತಿ,
ನಿಮ್ಮ ಕೋರ್ಸಿನ ಒಬ್ಬ ವಿದ್ಯಾರ್ಥಿನಿ